ರಾಜನಿಗೆ ಅದರಿಂದ ಎಂತ ಲಾಭ?

ನಮ್ಮ ಕಾಸರಗೋಡು ಕಡೆ ಮಳೆ ಜೋರಾಗಿ ಹಿಡಿದಿದೆ. ಹಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ನಾವು ಹೇಳಿದ್ದು ಹಿಂದಿನ ಬೆಂಚಿಗೆ ಕೇಳುವುದಿಲ್ಲ. ಅಂಥ ಒಂದು ಮಧ್ಯಾಹ್ನ ಏಳನೆಯ ತರಗತಿಗೆ ಯುರೋಪಿನ ಪಾಠ ಮಾಡುತ್ತಿದ್ದೆವು. ಗಂಟಲು ನೋಯಿಸಿಕೊಳ್ಳುವ ಬದಲು ಬೋರ್ಡಿನಲ್ಲಿ ಬರೆದುಬಿಡುವುದು ನಮ್ಮ ಅಭ್ಯಾಸ. ಅಂದು ಬರೆದ ಒಂದು ವಾಕ್ಯ ಹೀಗಿತ್ತು: "ಅರಸರು ಕ್ಯಾಥೋಲಿಕ್ ಮತದ ಏಕತೆಯಿಂದ ತಮ್ಮ ಅಧಿಕಾರವನ್ನು ಬಲಪಡಿಸಿಕೊಂಡರು."

ಈ ವಾಕ್ಯವನ್ನು ಎಷ್ಟು ವರ್ಷದಿಂದ ಬರೆಯುತ್ತಿದ್ದೇವೋ ಲೆಕ್ಕವಿಲ್ಲ. ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೆಯೇ ಬರೆಯುತ್ತಾರೆ, ನಾವು ಅಂಕ ಕೊಡುತ್ತೇವೆ. ಈ ಸಲ ಮಾತ್ರ ಮೂರನೆಯ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಮನೆಯಲ್ಲಿ ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಕುಟುಂಬದವಳು. ಆದಿತ್ಯವಾರ ತಪ್ಪದೆ ಇಗರ್ಜಿಗೆ ಹೋಗುವವಳು. ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ. ಅವಳು ಕೇಳಿದಳು:

"ಟೀಚರ್, ಎಲ್ಲರೂ ಒಂದೇ ಇಗರ್ಜಿಗೆ ಹೋದರೆ ರಾಜನಿಗೆ ಅದರಿಂದ ಎಂತ ಲಾಭ?"

"ಅವರು ದೊಡ್ಡ ದೈವಭಕ್ತರಾಗಿದ್ದರು ಮಗೂ" ಎಂದೆವು.

"ಭಕ್ತರಾದರೆ ಅವರೇ ಪ್ರಾರ್ಥನೆ ಮಾಡಬಹುದಿತ್ತಲ್ಲ? ಬೇರೆಯವರನ್ನು ಓಡಿಸುವುದು ಯಾಕೆ?"

ಅಷ್ಟರಲ್ಲಿ ಬೆಲ್ ಆಯಿತು. ನಾಳೆ ಹೇಳುತ್ತೇವೆ ಎಂದು ಪುಸ್ತಕ ಮುಚ್ಚಿದೆವು. ಬೆಲ್ ನಮ್ಮ ಮಾನ ಉಳಿಸಿತು ಎಂದೇ ಹೇಳಬೇಕು. ನಮ್ಮ ತರಗತಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳೆಲ್ಲ ಇದ್ದಾರೆ. ತಪ್ಪು ಉತ್ತರ ಕೊಟ್ಟರೆ ಎರಡು ಬಗೆಯ ಅಪಾಯ. ಒಂದು, "ಏಕತೆ ಅಂದರೆ ಬಲ, ರಾಜ ಮಾಡಿದ್ದು ಸರಿ" ಎಂದು ಮಕ್ಕಳು ತಿಳಿಯಬಹುದು. ಇನ್ನೊಂದು, "ಇವಳ ಮತದವರೇ ಹಾಗೆ" ಎಂದು ಉಳಿದವರು ಆ ಹುಡುಗಿಯ ಕಡೆ ತಿರುಗಿ ನೋಡಬಹುದು. ಎರಡೂ ಆಗಬಾರದು. ಆ ರಾತ್ರಿ ಬಿ.ಎ. ಓದುವಾಗಿನ ಹಳೆಯ ಯುರೋಪ್ ಇತಿಹಾಸದ ಪುಸ್ತಕವನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ ಕೂತೆವು.

ಮರುದಿನ ಸ್ಪೇನಿನಿಂದಲೇ ಶುರುಮಾಡಿದೆವು. 1469ರಲ್ಲಿ ಕಾಸ್ಟೀಲ್‌ನ ಇಸಾಬೆಲ್ಲಾ ಮತ್ತು ಅರಗಾನ್‌ನ ಫರ್ಡಿನಂಡ್ ಮದುವೆಯಾದರು. ಅವಳು 1474ರಲ್ಲಿ ರಾಣಿಯಾದಳು, ಅವನು 1479ರಲ್ಲಿ ಅರಗಾನಿನ ರಾಜನಾದ. ಅಂದಿಗೆ ಸ್ಪೇನ್ ಒಂದಾಯಿತು ಎಂದು ನಾವು ಹೇಳಿಕೊಡುತ್ತೇವೆ. ನಿಜವಾಗಿ ಒಂದಾದದ್ದು ಗಂಡ ಹೆಂಡತಿ ಮಾತ್ರ. ಎರಡು ಮನೆಯ ನಡುವಿನ ಬೇಲಿ ಹಾಗೇ ಇತ್ತು, ಒಲೆಯೂ ಬೇರೆ ಬೇರೆ. ಕಾನೂನು ಬೇರೆ, ನಾಣ್ಯ ಬೇರೆ, ಸುಂಕ ಬೇರೆ, ತೆರಿಗೆಗೆ ಒಪ್ಪಿಗೆ ಕೊಡುವ ಸಭೆಗಳೂ ಬೇರೆ. ಅರಗಾನಿನವರಂತೂ ತಮ್ಮ ಹಳೆಯ ಹಕ್ಕುಗಳನ್ನು ಒಂದಿಂಚೂ ಬಿಟ್ಟುಕೊಡುವವರಲ್ಲ. ಇಂಥ ಕಡೆ ರಾಜನ ಆಜ್ಞೆ ಎಲ್ಲರಿಗೂ ಒಂದೇ ರೀತಿ ತಲುಪುವುದು ಹೇಗೆ? ಈಗಿನ ಹಾಗೆ ಕಲೆಕ್ಟರ್ ಇಲ್ಲ, ವಿಲ್ಲೇಜ್ ಆಫೀಸ್ ಇಲ್ಲ. ಆದರೆ ಊರೂರಿಗೆ ಒಂದು ಇಗರ್ಜಿ ಇತ್ತು. ಅಲ್ಲಿ ಓದು ಬರಹ ಬಲ್ಲ ಒಬ್ಬ ಪಾದ್ರಿ ಇದ್ದ. ವಾರಕ್ಕೊಮ್ಮೆ ಊರಿಗೆ ಊರೇ ಬಂದು ಅವನ ಮಾತು ಕೇಳುತ್ತಿತ್ತು.

"ಅಂದರೆ ಪಂಚಾಯತ್ ಮೈಕಿನ ಹಾಗೆ" ಎಂದ ಒಬ್ಬ. ಹೌದು, ಸುಮಾರಿಗೆ ಹಾಗೆಯೇ.

ರಾಜನಿಗೆ ಏನು ಸಿಕ್ಕಿತು ಎಂಬುದನ್ನು ಬೋರ್ಡಿನಲ್ಲಿ ಒಂದೊಂದಾಗಿ ಬರೆದೆವು. ಮೊದಲನೆಯದು ಜನ. ಬಿಷಪರನ್ನು ಯಾರು ಆರಿಸಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಬಿಷಪ್ ಅಂದರೆ ದೊಡ್ಡ ಭೂಮಿ, ದೊಡ್ಡ ಆದಾಯ, ದೊಡ್ಡ ಮಾತು. ಗ್ರನಾಡಾ ಸೀಮೆಯಲ್ಲಿ ಆ ಹುದ್ದೆಗಳಿಗೆ ಹೆಸರು ಸೂಚಿಸುವ ಹಕ್ಕನ್ನು 1486ರಲ್ಲಿ ಪೋಪ್ ಸ್ಪೇನಿನ ಅರಸರಿಗೆ ಕೊಟ್ಟ. 1508ರಲ್ಲಿ ಅಮೆರಿಕದ ಹೊಸ ನೆಲಕ್ಕೂ ಅದೇ ಹಕ್ಕು ಬಂತು. ಫ್ರಾನ್ಸಿನ ಒಂದನೆಯ ಫ್ರಾನ್ಸಿಸ್ 1516ರಲ್ಲಿ ಪೋಪನೊಡನೆ ಒಪ್ಪಂದ ಮಾಡಿಕೊಂಡು ತನ್ನ ರಾಜ್ಯದ ಬಿಷಪರ ಹೆಸರನ್ನು ತಾನೇ ಸೂಚಿಸುವಂತಾದ. ತನ್ನಿಂದ ಹುದ್ದೆ ಪಡೆದವನು ತನ್ನ ವಿರುದ್ಧ ಮಾತಾಡುವುದು ಕಷ್ಟ. ಇದು ಏಳನೆಯ ತರಗತಿಯವರಿಗೂ ಬೇಗ ಅರ್ಥವಾಯಿತು.

ಎರಡನೆಯದು ಹಣ. ಬೆಳೆಯ ಹತ್ತನೆಯ ಒಂದು ಪಾಲು ಇಗರ್ಜಿಗೆ ಸಲ್ಲಬೇಕಿತ್ತು. ಕಾಸ್ಟೀಲಿನಲ್ಲಿ ಆ ಪಾಲಿನ 2/9 ಭಾಗ ರಾಜನ ಖಜಾನೆಗೆ ಹೋಗುತ್ತಿತ್ತು. ಮುಸ್ಲಿಂ ಗ್ರನಾಡಾದ ಮೇಲಿನ ಯುದ್ಧಕ್ಕೆಂದು ಪಾಪಕ್ಷಮೆಯ ಪತ್ರಗಳನ್ನು ಮಾರಿದರು. ಗ್ರನಾಡಾ 1492ರ ಜನವರಿಯಲ್ಲಿ ಬಿತ್ತು. ಯುದ್ಧ ಮುಗಿಯಿತು, ಪತ್ರದ ಮಾರಾಟ ಮುಗಿಯಲಿಲ್ಲ! ಮಕ್ಕಳು ನಕ್ಕರು.

ಮೂರನೆಯದು ಹೆಸರು. 1496ರಲ್ಲಿ ಪೋಪ್ ಆರನೆಯ ಅಲೆಕ್ಸಾಂಡರ್ ಈ ದಂಪತಿಗೆ "ಕ್ಯಾಥೋಲಿಕ್ ಅರಸರು" ಎಂಬ ಬಿರುದು ಕೊಟ್ಟ. ಕಾಸ್ಟೀಲಿನವನಿಗೆ ಅರಗಾನಿನ ರಾಜ ಹೊರಗಿನವನಾಗಿರಬಹುದು, ಆದರೆ ಕ್ಯಾಥೋಲಿಕ್ ರಾಜ ಇಬ್ಬರಿಗೂ ನಮ್ಮವನೇ. ರಾಜನಿಗೆ ವಿರೋಧ ಹೇಳಿದರೆ ದೇವರಿಗೆ ವಿರೋಧ ಹೇಳಿದ ಹಾಗೆ ಎಂಬ ಭಾವನೆ ಬೆಳೆದರೆ ಅರ್ಧ ಸೈನ್ಯದ ಕೆಲಸ ಅದೇ ಮಾಡುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿ. ಅದೇ ಇನ್‌ಕ್ವಿಸಿಷನ್, ಮತವಿಚಾರಣೆಯ ನ್ಯಾಯಾಲಯ. 1478ರಲ್ಲಿ ಪೋಪ್ ಇದಕ್ಕೆ ಅನುಮತಿ ಕೊಟ್ಟ. ವಿಚಾರಕರನ್ನು ನೇಮಿಸುವ ಅಧಿಕಾರ ಅರಸರ ಕೈಗೆ ಬಂತು. 1480ರಲ್ಲಿ ಸೆವಿಲ್ ನಗರದಲ್ಲಿ ಕೆಲಸ ಶುರುವಾಯಿತು. ಮೊದಲ ಗುರಿ ಯೆಹೂದಿ ಮತದಿಂದ ಕ್ರೈಸ್ತರಾದವರು. ಅವರು ಒಳಗೊಳಗೇ ಹಳೆಯ ಆಚಾರ ನಡೆಸುತ್ತಾರೆಂಬ ಸಂಶಯ. ಎರಡೇ ವರ್ಷದಲ್ಲಿ ಅನುಮತಿ ಕೊಟ್ಟ ಪೋಪನೇ ಅನ್ಯಾಯವಾಗುತ್ತಿದೆ ಎಂದು ಆಕ್ಷೇಪಿಸಿದ. ರಾಜ ಕೇಳಲಿಲ್ಲ, ಪೋಪನೇ ಹಿಂದೆ ಸರಿದ. ಕಾಸ್ಟೀಲ್ ಮತ್ತು ಅರಗಾನ್ ಎರಡರ ಒಳಗೂ ಕೈ ಚಾಚಬಲ್ಲ ಸಂಸ್ಥೆ ಅದೊಂದೇ ಆಗಿತ್ತು. ನಮ್ಮ ಹಕ್ಕಿಗೆ ಇದು ವಿರುದ್ಧ ಎಂದು ಅರಗಾನಿನವರು ಪ್ರತಿಭಟಿಸಿದರು. 1484ರಲ್ಲಿ ತೆರುಯೆಲ್ ಪಟ್ಟಣ ವಿಚಾರಕರಿಗೆ ಬಾಗಿಲನ್ನೇ ತೆರೆಯಲಿಲ್ಲ. ಕೊನೆಗೆ ಎಲ್ಲರೂ ಬಗ್ಗಬೇಕಾಯಿತು.

ಆ ಕೈ ಎಷ್ಟು ಉದ್ದವಿತ್ತು ಎಂಬುದಕ್ಕೆ ಒಂದು ಕಥೆ ಹೇಳಿದೆವು. ಎರಡನೆಯ ಫಿಲಿಪ್ ಎಂಬ ರಾಜನ ಕಾರ್ಯದರ್ಶಿ ಅಂತೋನಿಯೊ ಪೆರೆಸ್. ರಾಜನ ಸಿಟ್ಟಿಗೆ ಗುರಿಯಾಗಿ ಕಾಸ್ಟೀಲಿನಲ್ಲಿ ಸೆರೆಯಲ್ಲಿದ್ದವನು 1590ರಲ್ಲಿ ತಪ್ಪಿಸಿಕೊಂಡು ಅರಗಾನಿಗೆ ಬಂದ. ಅಲ್ಲಿನ ಕಾನೂನಿನ ಪ್ರಕಾರ ಅಲ್ಲಿನ ನ್ಯಾಯಾಧೀಶನ ರಕ್ಷಣೆ ಸಿಕ್ಕಿತು. ರಾಜನಾದರೂ ಅವನನ್ನು ಎಳೆದು ತರುವ ಹಾಗಿಲ್ಲ. ಫಿಲಿಪ್ ಏನು ಮಾಡಿದ ಗೊತ್ತೇ? ಅವನ ಮೇಲೆ ಮತದ್ರೋಹದ ಆರೋಪ ಹೊರಿಸಿದರು. ಮತದ್ರೋಹ ಎಂದಾಕ್ಷಣ ಕೇಸು ಇನ್‌ಕ್ವಿಸಿಷನ್‌ಗೆ ಹೋಗುತ್ತದೆ, ಊರಿನ ಕಾನೂನು ಬದಿಗೆ ಸರಿಯುತ್ತದೆ. 1591ರಲ್ಲಿ ಸರಗೋಸಾ ನಗರದ ಜನ ದಂಗೆಯೆದ್ದರು, ಆ ಗದ್ದಲದಲ್ಲಿ ಪೆರೆಸ್ ಫ್ರಾನ್ಸಿಗೆ ಪಾರಾದ. ರಾಜನ ಸೈನ್ಯ ಅರಗಾನಿಗೆ ನುಗ್ಗಿತು, ಅಲ್ಲಿನ ಮುಖ್ಯ ನ್ಯಾಯಾಧೀಶನ ತಲೆ ಹೋಯಿತು. ಕಾರ್ಯದರ್ಶಿಯ ಪ್ರಾರ್ಥನೆ ಸರಿ ಇತ್ತೋ ಇಲ್ಲವೋ ಎಂಬುದು ಇಲ್ಲಿ ಯಾರಿಗೆ ಬೇಕಿತ್ತು?

"ಹಾಗಾದರೆ ಭಕ್ತಿ ಎಲ್ಲ ನಾಟಕವಾ ಟೀಚರ್?" ಎಂದ ಕಿಟಕಿ ಬದಿಯ ಹುಡುಗ.

ಅಲ್ಲ. ಇದನ್ನು ಒತ್ತಿ ಹೇಳಿದೆವು. ಇಸಾಬೆಲ್ಲಾ ನಿಜವಾಗಿ ನಂಬಿದವಳು, ಫಿಲಿಪನೂ ಹಾಗೆಯೇ. ಭಕ್ತಿ ಮತ್ತು ಲಾಭ ಒಂದೇ ದಾರಿಯಲ್ಲಿ ಸಾಗಿದಾಗ ಮನುಷ್ಯ ತಾನು ಯಾವುದಕ್ಕಾಗಿ ನಡೆಯುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುವುದಿಲ್ಲ. ಭಯವೂ ಇತ್ತು. ಆ ಕಾಲದಲ್ಲಿ ನಿಷ್ಠೆ ಎಂದರೆ ದೇವರ ಮೇಲೆ ಮಾಡುವ ಆಣೆ. ಬೇರೆ ರೀತಿ ನಂಬುವವನ ಆಣೆಗೆ ಬೆಲೆ ಏನು ಎಂಬ ಸಂಶಯ ಸಹಜವಾಗಿಯೇ ಬರುತ್ತಿತ್ತು. ಫ್ರಾನ್ಸಿನಲ್ಲಿ ಕ್ಯಾಥೋಲಿಕರೂ ಪ್ರಾಟೆಸ್ಟಂಟರೂ 1562ರಿಂದ 1598ರ ತನಕ ಬಡಿದಾಡಿದರು. ಎರಡೂ ಕಡೆ ದೊಡ್ಡ ದೊಡ್ಡ ಜಮೀನ್ದಾರರು, ಅವರ ಸೈನ್ಯಗಳು. 1572ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಾಟೆಸ್ಟಂಟರ ಮಾರಣಹೋಮವೇ ಆಯಿತು. ಇಷ್ಟೆಲ್ಲ ಕಂಡವರು "ಒಬ್ಬ ರಾಜ, ಒಂದು ಮತ, ಒಂದು ಕಾನೂನು" ಎಂದರೆ ಅದು ಬರೀ ಹುಚ್ಚು ಎನ್ನಲಾಗದು.

ಆದರೆ ಅದೊಂದೇ ದಾರಿಯಾಗಿತ್ತೇ? 1598ರಲ್ಲಿ ನಾಲ್ಕನೆಯ ಹೆನ್ರಿ ನಾಂತ್ ಶಾಸನ ಹೊರಡಿಸಿ ಪ್ರಾಟೆಸ್ಟಂಟರಿಗೆ ಪ್ರಾರ್ಥನೆಯ ಹಕ್ಕನ್ನೂ ಕೆಲವು ಕೋಟೆ ಪಟ್ಟಣಗಳನ್ನೂ ಕೊಟ್ಟ. ಮುಂದೆ ಮಂತ್ರಿ ರಿಶಲ್ಯೂ 1628ರಲ್ಲಿ ಅವರ ಲಾ ರೋಶೆಲ್ ಪಟ್ಟಣವನ್ನು ಗೆದ್ದ. ಮರುವರ್ಷ ಅವರ ಕೋಟೆಗಳನ್ನು ಕಿತ್ತುಕೊಂಡ, ಪ್ರಾರ್ಥನೆಯನ್ನು ಮುಟ್ಟಲಿಲ್ಲ. ಅವನೇ ಒಬ್ಬ ಕಾರ್ಡಿನಲ್, ಕ್ಯಾಥೋಲಿಕ್ ಧರ್ಮಾಧಿಕಾರಿ! ರಾಜ್ಯಕ್ಕೆ ಅಪಾಯವಿದ್ದದ್ದು ಕೋಟೆಯಿಂದ, ಪ್ರಾರ್ಥನೆಯಿಂದಲ್ಲ ಎಂದು ಅವನಿಗೆ ಗೊತ್ತಿತ್ತು. ಹದಿನಾಲ್ಕನೆಯ ಲೂಯಿಗೆ ಇಷ್ಟು ಸಾಕಾಗಲಿಲ್ಲ. 1685ರಲ್ಲಿ ನಾಂತ್ ಶಾಸನವನ್ನೇ ರದ್ದು ಮಾಡಿದ. ವಿಚಿತ್ರವೆಂದರೆ ಆಗ ಅವನಿಗೂ ಪೋಪನಿಗೂ ಜಗಳ. ತನ್ನ ರಾಜ್ಯದ ಇಗರ್ಜಿಗಳ ಮೇಲೆ ಪೋಪನಿಗಿಂತ ತನಗೇ ಹೆಚ್ಚು ಹಕ್ಕು ಎಂದು ಅವನ ವಾದ. ಅದಕ್ಕೂ ಮೊದಲು 1527ರಲ್ಲಿ ಕ್ಯಾಥೋಲಿಕ್ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನ್ಯವೇ ಪೋಪನ ರೋಮ್ ನಗರವನ್ನು ಲೂಟಿ ಮಾಡಿತ್ತು. ಅಂದ ಮೇಲೆ ಇದು ಮತದ ಮುಖ್ಯಸ್ಥನಿಗೆ ತಲೆಬಾಗುವ ವಿಷಯವಲ್ಲ. ಮತ ತನ್ನ ಕೈಯಲ್ಲಿರಬೇಕು ಎಂಬ ವಿಷಯ.

ಇದು ಕ್ಯಾಥೋಲಿಕರದೇ ಗುಣವೂ ಅಲ್ಲ. ಜರ್ಮನಿಯಲ್ಲಿ 1555ರ ಒಪ್ಪಂದದಿಂದ ಯಾವ ಸೀಮೆಗೆ ಯಾರು ಅರಸನೋ ಅವನ ಮತವೇ ಜನರ ಮತ ಎಂದಾಯಿತು, ಕ್ಯಾಥೋಲಿಕನಾಗಲಿ ಲೂಥರನ ಅನುಯಾಯಿಯಾಗಲಿ. ಇಂಗ್ಲೆಂಡಿನ ಎಂಟನೆಯ ಹೆನ್ರಿ 1534ರಲ್ಲಿ ಪೋಪನನ್ನು ಬಿಟ್ಟು ತಾನೇ ಇಗರ್ಜಿಯ ಮುಖ್ಯಸ್ಥನಾದ, ಒಪ್ಪದವರ ತಲೆ ತೆಗೆಸಿದ. ಇದನ್ನು ಹೇಳುವಾಗ ಮೂರನೆಯ ಬೆಂಚಿನ ಕಡೆ ನೋಡಿದೆವು. ಹುಡುಗಿ ತಲೆ ತಗ್ಗಿಸಿರಲಿಲ್ಲ, ಬರೆದುಕೊಳ್ಳುತ್ತಿದ್ದಳು. ಸಮಾಧಾನವಾಯಿತು.

ಇನ್ನು ಲೆಕ್ಕದ ಇನ್ನೊಂದು ಬದಿ. 1492ರ ಮಾರ್ಚ್ 31ರಂದು ಯೆಹೂದಿಗಳು ಮತ ಬದಲಿಸಬೇಕು ಇಲ್ಲವೇ ಜುಲೈ ಕೊನೆಯೊಳಗೆ ಸ್ಪೇನ್ ಬಿಡಬೇಕು ಎಂದು ಆಜ್ಞೆಯಾಯಿತು. ತಲೆಮಾರುಗಳಿಂದ ಅಲ್ಲೇ ಬದುಕಿದವರು ಮನೆಮಾರು ಬಿಟ್ಟು ಹೊರಟರು. ಬಹಳ ಮಂದಿಗೆ ಆಸರೆ ಕೊಟ್ಟದ್ದು ಒಟ್ಟೊಮನ್ ತುರ್ಕರ ರಾಜ್ಯ. 1609ರಿಂದ 1614ರ ನಡುವೆ ಮುಸ್ಲಿಂ ಮೂಲದ ಮೊರಿಸ್ಕೋಗಳ ಸರದಿ. ಅವರು ಆಗಲೇ ಕ್ರೈಸ್ತರಾಗಿದ್ದರು, ಆದರೂ ನಂಬಲಿಲ್ಲ. ಸುಮಾರು 3 ಲಕ್ಷ ಜನರನ್ನು ಹೊರಹಾಕಿದರು. ವೆಲೆನ್ಸಿಯಾ ಸೀಮೆಯಲ್ಲಿ ಜನಸಂಖ್ಯೆಯ ಸುಮಾರು ಮೂರರಲ್ಲಿ ಒಂದು ಪಾಲು ಹೋಯಿತು, ಗದ್ದೆಗಳು ಹಡಿಲು ಬಿದ್ದವು. ನೆದರ್ಲ್ಯಾಂಡಿನಲ್ಲಿ ಫಿಲಿಪ್ ಮತದ ವಿಷಯಕ್ಕೆ ಜಗ್ಗದೆ ಕೂತ. ಉತ್ತರದ ಪ್ರಾಂತಗಳು ದಂಗೆಯೆದ್ದು 1581ರಲ್ಲಿ ಅವನನ್ನು ರಾಜನಲ್ಲ ಎಂದವು. 1648ರಲ್ಲಿ ಸ್ಪೇನ್ ಒಪ್ಪಿಕೊಳ್ಳಲೇಬೇಕಾಯಿತು. ಲೂಯಿಯ ಫ್ರಾನ್ಸಿನಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಾಟೆಸ್ಟಂಟರು ಓಡಿಹೋದರು. ನೇಕಾರರು, ಗಡಿಯಾರ ಮಾಡುವವರು, ವ್ಯಾಪಾರಿಗಳು. ಅವರ ಕೈಕೆಲಸ ಇಂಗ್ಲೆಂಡಿಗೂ ಹಾಲೆಂಡಿಗೂ ಜರ್ಮನಿಗೂ ದಕ್ಕಿತು. ರಾಜ ಬಲವಾದ, ರಾಜ್ಯ ಬಡವಾಯಿತು.

ಇಷ್ಟಾಗುವಾಗ ಹುಡುಗಿ ಮತ್ತೆ ಎದ್ದಳು. "ಟೀಚರ್, ನಮ್ಮವರು ಗೋವೆಯಿಂದ ಬಂದದ್ದಂತೆ. ಅಜ್ಜಿ ಹೇಳ್ತಾರೆ. ಗೋವೆಯ ರಾಜನೂ ಕ್ಯಾಥೋಲಿಕನೇ ಅಲ್ವಾ? ನಾವೂ ಕ್ಯಾಥೋಲಿಕರು. ಮತ್ತೆ ಯಾಕೆ ಬಿಟ್ಟು ಬಂದದ್ದು?"

ಪಾಠ ಯುರೋಪಿನಿಂದ ನಮ್ಮ ಕರಾವಳಿಗೆ ಬಂದದ್ದು ಹೀಗೆ. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದರು. ಬಿಷಪರನ್ನು ಸೂಚಿಸುವ ಹಕ್ಕು ಅವರ ರಾಜನಿಗೂ ಇತ್ತು. 1540ರಿಂದ ಅಲ್ಲಿ ದೇವಸ್ಥಾನಗಳನ್ನು ಕೆಡವಿದರು, ಹಿಂದೂ ಕುಟುಂಬಗಳು ದೇವರ ಮೂರ್ತಿ ಹೊತ್ತುಕೊಂಡು ಹೊರಟವು. 1560ರಲ್ಲಿ ಗೋವೆಗೂ ಇನ್‌ಕ್ವಿಸಿಷನ್ ಬಂತು, 1812ರ ತನಕ ನಡುವೆ ಸ್ವಲ್ಪ ಬಿಡುವಿನೊಂದಿಗೆ ಇತ್ತು. ಅದು ಹೆಚ್ಚಾಗಿ ಹಿಡಿದದ್ದು ಕ್ರೈಸ್ತರಾದವರನ್ನೇ. 1736ರ ಒಂದು ಆಜ್ಞೆಯಲ್ಲಿ ಮದುವೆಯ ಹಾಡು, ಧೋತರ, ಮನೆಯ ಬಳಿಯ ತುಳಸಿ ಗಿಡ ಎಲ್ಲವೂ ನಿಷೇಧ. ಬರಗಾಲ, ಮರಾಠರ ಯುದ್ಧ ಇವೂ ಸೇರಿದವು. ಕ್ರೈಸ್ತರೂ ದಕ್ಷಿಣಕ್ಕೆ ಬಂದರು. ಒಂದೇ ಕೊಂಕಣಿ ಮಾತಾಡುವ ಎರಡು ಮತದವರು ಮಂಗಳೂರು, ಮಂಜೇಶ್ವರ, ಕಾಸರಗೋಡಿನಲ್ಲಿ ನೆಲೆಸಿದ್ದರ ಹಿಂದೆ ಈ ಕಥೆಯೂ ಇದೆ.

ಮತ ಒಂದಾದ ಮೇಲೂ ಸಾಕಾಗಲಿಲ್ಲ. ಮೊದಮೊದಲು ಪಾದ್ರಿಗಳೇ ಕೊಂಕಣಿ ಕಲಿತಿದ್ದರು. ಥಾಮಸ್ ಸ್ಟೀಫನ್ಸ್ ಎಂಬ ಪಾದ್ರಿ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ಅಚ್ಚಾಗಿತ್ತು. ಅದೇ ಗೋವೆಯಲ್ಲಿ 1684ರಲ್ಲಿ ವೈಸರಾಯ್ ಕೊಂಕಣಿಯನ್ನು ಬಿಡಬೇಕೆಂದು ಆಜ್ಞೆ ಮಾಡಿದ. ಮೂರು ವರ್ಷದೊಳಗೆ ಎಲ್ಲರೂ ಪೋರ್ಚುಗೀಸ್ ಕಲಿಯಬೇಕು! ಒಂದು ಮಾಡುವ ಕೆಲಸಕ್ಕೆ ಕೈಹಾಕಿದವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಕೊಂಕಣಿ ಸಾಯಲಿಲ್ಲ. 1987ರಲ್ಲಿ ಅದೇ ಗೋವೆಯ ಆಡಳಿತ ಭಾಷೆಯಾಯಿತು.

ಇಲ್ಲಿಗೆ ಪಾಠ ಮುಗಿಯಬೇಕಿತ್ತು. ಆಗ ಕಿಟಕಿ ಬದಿಯ ಹುಡುಗ ಕೇಳಿದ, "ಆ ನ್ಯಾಯಾಲಯಕ್ಕೆ ಯಾರು ತಪ್ಪು ಮಾಡಿದ್ದು ಅಂತ ಹೇಗೆ ಗೊತ್ತಾಗ್ತದೆ ಟೀಚರ್?"

ನೆರೆಯವರೇ ಬಂದು ಹೆಸರು ಹೇಳಬೇಕಿತ್ತು, ಹೇಳಿದವರ ಹೆಸರನ್ನು ಗುಟ್ಟಾಗಿ ಇಡುತ್ತಿದ್ದರು ಎಂದೆವು.

ಅವನ ಕಣ್ಣು ಬೋರ್ಡಿನ ಬಲಮೂಲೆಗೆ ಹೋಯಿತು. ಅಲ್ಲಿ ಲೀಡರ್ ಬರೆದ ನಾಲ್ಕು ಹೆಸರುಗಳಿದ್ದವು. ಅದು ನಮ್ಮದೇ ನಿಯಮ. ತರಗತಿಯೊಳಗೆ ಕನ್ನಡ ಮಾತ್ರ ಮಾತಾಡಬೇಕು. ತುಳು, ಮಲಯಾಳ, ಕೊಂಕಣಿ, ಬ್ಯಾರಿ ಮಾತಾಡಿದವರ ಹೆಸರು ಆ ಮೂಲೆಗೆ. ನಾಲ್ಕರಲ್ಲಿ ಒಂದು ಮೂರನೆಯ ಬೆಂಚಿನ ಆ ಹುಡುಗಿಯದು. ಅವಳು ಬಾಯಿ ಬಿಡುವುದು ಅಪರೂಪ ಎಂದು ಮೇಲೆ ಬರೆದೆವಲ್ಲ, ಯಾಕೆಂದು ಅಷ್ಟು ದಿನ ಯೋಚಿಸಿರಲಿಲ್ಲ.

ನಿಯಮ ಮಾಡಿದ್ದು ದ್ವೇಷದಿಂದಲ್ಲ, ಭಯದಿಂದ. ಗಡಿಯಾಚೆಯ ನಮ್ಮ ಶಾಲೆಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ಒಂದನೆಯ ತರಗತಿಗೆ ಬರುವ ಮಕ್ಕಳು ಬೆರಳೆಣಿಕೆ. 2017ರಲ್ಲಿ ಕೇರಳದಲ್ಲಿ ಮಲಯಾಳ ಕಲಿಕೆ ಕಡ್ಡಾಯವಾದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು, ಅದರಲ್ಲಿ ನಾವೂ ಇದ್ದದ್ದು ನೆನಪಿದೆ. ನಮ್ಮ ಮೇಲೆ ಒಂದೇ ಭಾಷೆ ಹೇರಬಾರದು ಎಂದು ಹೇಳಿ ಬಂದವರೇ ತರಗತಿಯ ಬಾಗಿಲು ಹಾಕಿಕೊಂಡು ಮಕ್ಕಳ ಮೇಲೆ ಒಂದೇ ಭಾಷೆ ಹೇರಿದ್ದೆವು. ಸ್ಪೇನಿನ ಬೆಂಕಿಗೂ ಸೀಮೆಸುಣ್ಣದ ನಾಲ್ಕು ಹೆಸರಿಗೂ ಹೋಲಿಕೆಯಿಲ್ಲ, ಅದನ್ನು ಮಕ್ಕಳಿಗೂ ಹೇಳಿದೆವು. ಆದರೆ "ಹೆದರಿದ್ದೇವೆ, ಆದ್ದರಿಂದ ಎಲ್ಲರೂ ಒಂದೇ ಥರ ಇರಬೇಕು" ಎಂಬ ಯೋಚನೆ ಮಾತ್ರ ಅದೇ.

ಡಸ್ಟರ್ ತೆಗೆದು ಆ ಮೂಲೆ ಒರೆಸಿದೆವು. ಲೀಡರ್‌ಗೆ ಸ್ವಲ್ಪ ಬೇಸರವಾಯಿತು, ಅವನ ಅಧಿಕಾರ ಹೋಯಿತಲ್ಲ! ಈಗ ಪಾಠ, ಬರವಣಿಗೆ, ಪ್ರಶ್ನೋತ್ತರ ಎಲ್ಲ ಮೊದಲಿನ ಹಾಗೆ ಕನ್ನಡದಲ್ಲೇ. ಗೊತ್ತಾಗದ್ದನ್ನು ಪಕ್ಕದವನಲ್ಲಿ ತನ್ನ ಮನೆಮಾತಿನಲ್ಲಿ ಕೇಳಬಹುದು. ಸದ್ದು ಜಾಸ್ತಿಯಾಗಿದೆ. ಕನ್ನಡ ಕಡಿಮೆಯಾಗುತ್ತದೋ ಎಂಬ ಅಳುಕು ನಮಗೆ ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಕಳೆದ ವಾರ ಆ ಹುಡುಗಿ ಅಜ್ಜಿಯಿಂದ ಕೇಳಿದ ಗೋವೆಯ ಕಥೆಯನ್ನು ಬರೆದು ತಂದಿದ್ದಳು. ಎರಡು ಪುಟ, ಅಚ್ಚ ಕನ್ನಡದಲ್ಲಿ. ಕಾಗುಣಿತದ ತಪ್ಪು ಆರು. ಯಾರೂ ಕಡ್ಡಾಯ ಮಾಡಿರಲಿಲ್ಲ.

ಬೋರ್ಡಿನ ಆ ಹಳೆಯ ವಾಕ್ಯವನ್ನೂ ತಿದ್ದಿದ್ದೇವೆ. "ಅರಸರಿಗೆ ಇಗರ್ಜಿಯಿಂದ ಜನ, ಹಣ, ಹೆಸರು ಮತ್ತು ಎಲ್ಲ ಸೀಮೆಗೂ ಕೈ ಚಾಚುವ ನ್ಯಾಯಾಲಯ ಸಿಕ್ಕಿತು. ಆದ್ದರಿಂದ ಒಂದೇ ಮತ ಬೇಕೆಂದರು. ಅದರ ಬೆಲೆಯನ್ನು ಬೇರೆಯವರು ಕೊಟ್ಟರು." ಪರೀಕ್ಷೆಗೆ ಸ್ವಲ್ಪ ಉದ್ದವಾಯಿತು, ಇರಲಿ.

ನಿಮ್ಮ ಶಾಲೆಗಳಲ್ಲಿ ಮನೆಮಾತಿನ ವಿಷಯಕ್ಕೆ ಏನು ಮಾಡುತ್ತೀರಿ? ಹೊಸೂರಿನವರು, ಅಕ್ಕಲಕೋಟೆಯವರು, ಆದವಾನಿಯವರು ಬರೆದು ತಿಳಿಸಿದರೆ ನಮಗೂ ಕಲಿಯಲಿಕ್ಕೆ ಆಗುತ್ತದೆ.